ಪ್ರಾಗ್: ಒಂದೂವರೆ ದಿನ, ಗೈಡ್ ಇಲ್ಲದೆ ಕಾಲ್ನಡಿಗೆ. ಯಾವುದು ಮೊದಲು, ಯಾವುದು ಆಮೇಲೆ?

ಮ್ಯೂನಿಕ್ ಮಲ್ಲಿಗೆ:

ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮೇ ತಿಂಗಳಲ್ಲಿ ಮೂವರೂ ಪ್ರಾಗ್‌ಗೆ ಹೋಗ್ತಿದ್ದೀವಿ. ಶುಕ್ರವಾರ ರಾತ್ರಿ ರೈಲಲ್ಲಿ ತಲುಪಿ, ಭಾನುವಾರ ಮಧ್ಯಾಹ್ನ 2ರ ಹೊತ್ತಿಗೆ ವಾಪಸ್ ಹೊರಡಬೇಕು. ಗೈಡ್ ಗುಂಪಿನ ಹಿಂದೆ ಓಡೋಕೆ ಅವರಿಗೆ ಆಗಲ್ಲ, ನಮ್ಮ ಪಾಡಿಗೆ ನಡೆದು ನೋಡೋಣ ಅಂತ.

ನನ್ನ ಲೆಕ್ಕ ಹೀಗಿದೆ. ಶನಿವಾರ ಪೌಡರ್ ಟವರ್‌ನಿಂದ ಶುರು ಮಾಡಿ ಹಳೇ ಪೇಟೆ ಚೌಕ, ಗಡಿಯಾರ, ಯಹೂದಿ ಕೇರಿ, ಚಾರ್ಲ್ಸ್ ಸೇತುವೆ. ಭಾನುವಾರ ಬೆಳಗ್ಗೆ 9ಕ್ಕೆ ಕೋಟೆ. ಅಮ್ಮನಿಗೆ ಮಂಡಿನೋವಿದೆ, ಮೆಟ್ಟಿಲು ಇಳಿಯೋದು ಕಷ್ಟ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಏನಾದ್ರೂ ಬದಲಾಯಿಸಬೇಕಾ?

ಕಲ್ಲುಹಾದಿ:

ಎರಡು ದಿನವನ್ನೂ ಅದಲುಬದಲು ಮಾಡಿ ಮೇಡಂ. ಯಹೂದಿ ಮ್ಯೂಸಿಯಂ ಶನಿವಾರ ಪೂರ್ತಿ ಮುಚ್ಚಿರುತ್ತೆ, ಸಬ್ಬತ್, ಅಂದರೆ ಯಹೂದಿಗಳ ವಿಶ್ರಾಂತಿ ದಿನ. ಕೋಟೆಯೊಳಗಿನ ಸೇಂಟ್ ವೀಟಸ್ ಕೆಥೆಡ್ರಲ್‌ನಲ್ಲಿ ಭಾನುವಾರ ಬೆಳಗ್ಗೆ ಪೂಜೆ ಇರುತ್ತೆ, ಪ್ರವಾಸಿಗರನ್ನು ಒಳಗೆ ಬಿಡೋದು ಮಧ್ಯಾಹ್ನ 12ರ ಮೇಲೆ. ನಿಮ್ಮ ಲೆಕ್ಕದಲ್ಲಿ ಹೋದರೆ ಎರಡೂ ಕಡೆ ಮುಚ್ಚಿದ ಬಾಗಿಲು. ಶನಿವಾರ ಕೋಟೆ, ಭಾನುವಾರ ಹಳೇ ಪೇಟೆ ಮತ್ತು ಯಹೂದಿ ಕೇರಿ ಮಾಡಿ.

ಮಂಡಿನೋವಿಗೆ ಇನ್ನೊಂದು ಮಾತು. ಕೋಟೆಗೆ ಕೆಳಗಿಂದ ಹತ್ತಬೇಡಿ. 22ನೇ ನಂಬರ್ ಟ್ರಾಮ್ ಹಿಡಿದು, ಬೀಲಾ ಹೊರಾ ಕಡೆಗೆ ಹೋಗುವ ದಿಕ್ಕಿನಲ್ಲಿ, ಕೋಟೆ ದಾಟಿ ಎರಡು ಸ್ಟಾಪ್ ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಗುಡ್ಡದ ನೆತ್ತಿ ಅದು, ಅಲ್ಲಿಂದ ಕೋಟೆಯವರೆಗೆ ಬರೀ ಇಳಿಜಾರು. ನಿಮ್ಮ ಹೋಟೆಲ್ ರೈಲ್ವೆ ಸ್ಟೇಷನ್ ಹತ್ತಿರವಾದರೆ ಸಿ ಲೈನ್ ಮೆಟ್ರೋದಲ್ಲಿ ಎರಡು ಸ್ಟಾಪ್ ಹೋಗಿ ಇ.ಪೆ. ಪಾವ್ಲೊವಾದಲ್ಲಿ 22 ಹತ್ತಬಹುದು. 30 ನಿಮಿಷದ ಟಿಕೆಟ್ ಸಾಲದು, 90 ನಿಮಿಷದ್ದು ತಗೊಳ್ಳಿ.

8 ಗಂಟೆಗೆ ಅಲ್ಲಿದ್ದರೆ ಮೊದಲು ಸ್ಟ್ರಾಹೊಫ್ ಮಠದ ಕೆಳಗಿನ ಜಗಲಿಗೆ ಹೋಗಿ. 1143ರಲ್ಲಿ ಸ್ಥಾಪನೆಯಾದ ಮಠ. ಬೆಳಗಿನ ಹೊತ್ತು ಅಲ್ಲಿಂದ ಇಡೀ ಊರು, ಕೆಂಪು ಹೆಂಚಿನ ಮಾಡುಗಳು ಒಂದೇ ನೋಟಕ್ಕೆ ಸಿಗುತ್ತವೆ. ಆಮೇಲೆ ಲೊರೆಟಾ ಚರ್ಚ್ ಮುಂದಿಂದ ನಡೆದುಕೊಂಡು ಕೋಟೆಯ ಮುಂಬಾಗಿಲಿಗೆ. ಒಂದು ಕಿಲೋಮೀಟರ್ ಒಳಗೇ. ಲೊರೆಟಾದ ಗೋಪುರದಲ್ಲಿ 27 ಘಂಟೆಗಳನ್ನು ಜೋಡಿಸಿದ ವಾದ್ಯ ಇದೆ, ತಾಸಿಗೊಮ್ಮೆ ಹಾಡುತ್ತೆ.

ಕೋಟೆ ಕಟ್ಟಡಗಳು ತೆರೆಯೋದು 9ಕ್ಕೆ. ಬಾಗಿಲು ತೆಗೆದ ಕೂಡಲೇ ನೇರ ಕೆಥೆಡ್ರಲ್‌ಗೆ ನುಗ್ಗಿ, ಬೇರೆಲ್ಲ ಆಮೇಲೆ. 10 ಗಂಟೆ ಹೊತ್ತಿಗೆ ಟೂರ್ ಬಸ್ಸಿನ ಗುಂಪುಗಳು ಬಂದು ಸಾಲು ಅಂಗಳದವರೆಗೆ ಬೆಳೆಯುತ್ತೆ. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡ. ಅದಕ್ಕೇ ಪೂರ್ವದ ಗರ್ಭಗುಡಿ ಭಾಗ 14ನೇ ಶತಮಾನದ್ದು, ನೀವು ಒಳಗೆ ಬರುವ ಪಶ್ಚಿಮದ ಭಾಗ ಹೆಚ್ಚುಕಮ್ಮಿ ನೂರು ವರ್ಷದ ಹಿಂದಿನದು. ಎಡಗಡೆ ಮೂರನೇ ಗುಡಿಯಲ್ಲಿ ಆಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿ ಇದೆ, ತಪ್ಪಿಸಿಕೊಳ್ಳಬೇಡಿ. ಹೊರಗೆ ಬಂದು ದಕ್ಷಿಣದ ಗೋಡೆಗೆ ತಿರುಗಿ ನೋಡಿ: ಸುವರ್ಣ ದ್ವಾರದ ಮೇಲೆ 1371ರ ಹೊತ್ತಿಗೆ ಮುಗಿದ ಮೊಸಾಯಿಕ್, ಕಡೆಯ ತೀರ್ಪಿನ ದಿನದ ಚಿತ್ರ. ಅದಕ್ಕೆ ಟಿಕೆಟ್ ಬೇಡ, ಆದರೂ ಬಹಳ ಜನ ತಲೆಯೆತ್ತದೆ ಹೋಗಿಬಿಡ್ತಾರೆ.

ಮುಂದೆ ಹಳೇ ಅರಮನೆ, ಸೇಂಟ್ ಜಾರ್ಜ್ ಬೆಸಿಲಿಕಾ, ಗೋಲ್ಡನ್ ಲೇನ್. ಇವೆಲ್ಲ ಒಂದೇ ಟಿಕೆಟ್‌ನಲ್ಲಿ ಬರುತ್ತವೆ. ಎರಡೂವರೆ ತಾಸು ಇಟ್ಟುಕೊಳ್ಳಿ. ಗೋಲ್ಡನ್ ಲೇನ್‌ನಲ್ಲಿ 22ನೇ ನಂಬರಿನ ನೀಲಿ ಮನೆ ಲೇಖಕ ಕಾಫ್ಕಾ 1916-17ರಲ್ಲಿ ಕೂತು ಬರೆದ ಜಾಗ. ಮೇಲಿನ ಅಂತಸ್ತಿನ ಆಯುಧಗಳ ಪ್ರದರ್ಶನಕ್ಕೆ ಕಡಿದಾದ ಮೆಟ್ಟಿಲಿದೆ, ಅಮ್ಮನವರು ಕೆಳಗೇ ಇರಲಿ.

ನಡಿಗೆಪ್ರಿಯ:

ಮೇಲಿನವರು ಹೇಳಿದ್ದು ಸರಿ, ಆದ್ರೆ ಇಳಿಯೋ ದಾರಿ ಹೇಳಲಿಲ್ಲ. ಎಡವಟ್ಟಾಗೋದೇ ಅಲ್ಲಿ.

ಗೋಲ್ಡನ್ ಲೇನ್ ಮುಗಿದ ಮೇಲೆ ಎಲ್ಲರೂ ಪೂರ್ವದ ಬಾಗಿಲಿಂದ ಹಳೇ ಕೋಟೆ ಮೆಟ್ಟಿಲು ಇಳೀತಾರೆ. 121 ಮೆಟ್ಟಿಲು, ಕಲ್ಲು ಸವೆದು ನುಣುಪಾಗಿದೆ, ಮಳೆ ಬಂದ್ರೆ ಜಾರುತ್ತೆ. ಇನ್ನೊಂದು ದಾರಿ ನೆರುದೊವಾ ಬೀದಿ. ನೋಡೋಕೆ ಚೆಂದ, ಮನೆ ನಂಬರ್ ಬರೋ ಮುಂಚೆ ಮನೆ ಗುರುತಿಗೆ ಹಾಕ್ತಿದ್ದ ಫಲಕಗಳು ಈಗಲೂ ಇವೆ: 12ನೇ ನಂಬರಿನಲ್ಲಿ ಮೂರು ಪಿಟೀಲು, 47ರಲ್ಲಿ ಎರಡು ಸೂರ್ಯ. ಆದ್ರೆ ಕಡಿದಾದ ಕಲ್ಲುಹಾಸಿನ ಇಳಿಜಾರು. ಮಂಡಿನೋವಿರೋರಿಗೆ ಹತ್ತೋದಕ್ಕಿಂತ ಇಳಿಯೋದೇ ಹೆಚ್ಚು ಬಾಧೆ.

ಹೀಗೆ ಮಾಡಿ. ಗೋಲ್ಡನ್ ಲೇನ್‌ನಿಂದ ವಾಪಸ್ ಎರಡನೇ ಅಂಗಳಕ್ಕೆ ಬಂದು, ಉತ್ತರದ ಬಾಗಿಲಿಂದ ಹೊರಗೆ ಹೋಗಿ ಪೌಡರ್ ಬ್ರಿಜ್ ದಾಟಿದ್ರೆ ಪ್ರಾಜ್ಸ್ಕೀ ಹ್ರಾಡ್ ಸ್ಟಾಪ್. ಪೇಟೆ ಕಡೆ ಹೋಗೋ 22 ಹಿಡಿದು ಮೂರನೇ ಸ್ಟಾಪ್ ಮಾಲೊಸ್ಟ್ರಾನ್ಸ್ಕೆ ನಾಮ್ಯೆಸ್ಟಿಯಲ್ಲಿ ಇಳೀರಿ. ಸೇಂಟ್ ನಿಕೋಲಸ್ ಚರ್ಚಿನ ಹಸಿರು ಗುಮ್ಮಟ ತಲೆ ಮೇಲೇ ಇರುತ್ತೆ. ಸೇತುವೆಗೆ ಅಲ್ಲಿಂದ ಐದು ನಿಮಿಷದ ನಡಿಗೆ. ಸ್ವಲ್ಪ ಕೂರಬೇಕು ಅಂದ್ರೆ ಒಂದು ಸ್ಟಾಪ್ ಮುಂಚೆ ಮಾಲೊಸ್ಟ್ರಾನ್ಸ್ಕಾದಲ್ಲಿ ಇಳಿದು ವಾಲೆನ್‌ಸ್ಟೈನ್ ತೋಟಕ್ಕೆ ಹೋಗಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತೆ, ಪ್ರವೇಶ ಉಚಿತ, ನವಿಲುಗಳಿವೆ.

ವಾರಾಂತ್ಯದಲ್ಲಿ ಹಳಿ ರಿಪೇರಿಗೆ ಟ್ರಾಮ್ ದಾರಿ ಬದಲಾಗೋದು ಅಲ್ಲಿ ಮಾಮೂಲು. ಸ್ಟಾಪ್‌ನಲ್ಲಿ ಹಳದಿ ಕಾಗದದ ನೋಟಿಸ್ ಇದೆಯಾ ನೋಡಿ, ಹಿಂದಿನ ರಾತ್ರಿಯೇ ಆ್ಯಪ್‌ನಲ್ಲೂ ಒಮ್ಮೆ ನೋಡ್ಕೊಳ್ಳಿ.

ಚಾರ್ಲ್ಸ್ ಸೇತುವೆಯನ್ನ ಶನಿವಾರ ಸಂಜೆಗೆ ಮುಗಿಸಿಬಿಡೋಣ ಅಂದ್ಕೋಬೇಡಿ. ಹಾಗೇ ದಾಟಿ ಬಂದುಬಿಡಿ. 516 ಮೀಟರ್ ಉದ್ದ, 10 ಮೀಟರ್‌ಗೂ ಕಮ್ಮಿ ಅಗಲ. ಸಂಜೆ ಭುಜಕ್ಕೆ ಭುಜ ತಾಗುತ್ತೆ, ಜೇಬುಗಳ್ಳರಿಗೂ ಅದೇ ಹೊತ್ತು. ನಿಜವಾಗಿ ನೋಡಬೇಕಾದ್ದು ಭಾನುವಾರ ಬೆಳಗ್ಗೆ 6ರಿಂದ 7ರ ಒಳಗೆ. ಮೂವತ್ತು ಶಿಲ್ಪಗಳಲ್ಲಿ ಒಂದರ ಮುಂದೆ ಮಾತ್ರ ಖಂಡಿತ ನಿಲ್ಲಿ: ನೆಪೊಮುಕ್‌ನ ಸಂತ ಜಾನ್, 1683ರ ಕಂಚಿನ ವಿಗ್ರಹ, ಸೇತುವೆ ಮೇಲೆ ಎಲ್ಲಕ್ಕಿಂತ ಹಳೇದು. ತಲೆ ಸುತ್ತ ಐದು ನಕ್ಷತ್ರ. 1393ರಲ್ಲಿ ರಾಜ ನಾಲ್ಕನೇ ವೆನ್ಸೆಸ್ಲಾಸ್ ಇವರನ್ನ ನದಿಗೆ ಎಸೆಸಿದ. ಪೀಠದ ಫಲಕಗಳು ಕಪ್ಪಗಾಗಿದ್ರೂ ಜನ ಮುಟ್ಟೋ ಜಾಗ ಮಾತ್ರ ಹಿತ್ತಾಳೆ ಥರ ಹೊಳೀತಿದೆ. ಕೋಟೆ ದಡದಿಂದ ಬಂದ್ರೆ ಎಡಗಡೆ ಸಿಗುತ್ತೆ.

ಪಂಚಾಂಗ ಪ್ರೇಮಿ:

ಗಡಿಯಾರದ ಬಗ್ಗೆ ಯಾರೂ ಬರೆದಿಲ್ಲ. ಅಪ್ಪನವರಿಗೆ ಪಂಚಾಂಗ ನೋಡುವ ಅಭ್ಯಾಸವಿದ್ದರೆ ಇಡೀ ಪ್ರಾಗ್‌ನಲ್ಲಿ ಅವರಿಗೆ ಹಿಡಿಸುವುದು ಇದೇ. ಬೆಳಗ್ಗೆ 9ರಿಂದ ರಾತ್ರಿ 11ರವರೆಗೆ ತಾಸಿಗೊಮ್ಮೆ ಗೊಂಬೆಗಳ ಆಟ: ಅಸ್ಥಿಪಂಜರ ಗಂಟೆಯ ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ 12 ಮಂದಿ ಶಿಷ್ಯರು ಹಾದುಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಬೇಗನೆ ಮುಗಿದುಹೋಗುವುದರಿಂದ ಬಹಳ ಜನ ಇಷ್ಟೇನಾ ಎಂದು ನಿರಾಶರಾಗುತ್ತಾರೆ. ಅವರು ಗೊಂಬೆಯನ್ನು ಮಾತ್ರ ನೋಡಿದವರು. ಆಟ ಮುಗಿದು ಗುಂಪು ಕರಗಿದ ಮೇಲೆ ಹತ್ತು ನಿಮಿಷ ನಿಂತು ಮುಖಫಲಕವನ್ನು ಓದಿ.

ಅದರ ಹಳೆಯ ಭಾಗ 1410ರದು. ಒಳಗಿನ ಚಿನ್ನದ ರೋಮನ್ ಅಂಕಿಗಳು 12ರ ಎರಡು ಸುತ್ತು, ಮಧ್ಯಾಹ್ನ ಮೇಲೆ, ಮಧ್ಯರಾತ್ರಿ ಕೆಳಗೆ. ಹೊರಗಿನ ಕಪ್ಪು ಬಳೆಯಲ್ಲಿ 1ರಿಂದ 24ರವರೆಗೆ ಹಳೇ ಲಿಪಿಯ ಅಂಕಿಗಳು. ಅದು ಹಳೇ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ನಾಡಿನ, ಕಾಲಗಣನೆ: ನಾವು ಸೂರ್ಯೋದಯದಿಂದ ಗಳಿಗೆ ಎಣಿಸುವ ಹಾಗೆ ಅವರು ಸೂರ್ಯಾಸ್ತದಿಂದ ತಾಸು ಎಣಿಸುತ್ತಿದ್ದರು. ಸೂರ್ಯ ಮುಳುಗುವ ಹೊತ್ತು ದಿನವೂ ಬದಲಾಗುವುದರಿಂದ ಆ ಬಳೆಯೂ ವರ್ಷವಿಡೀ ಅತ್ತಿತ್ತ ಸರಿಯುತ್ತದೆ. ನೀಲಿ ಹಗಲು, ಕಪ್ಪು ರಾತ್ರಿ, ನಡುವಿನ ಕೆಂಬಣ್ಣ ಸಂಧ್ಯಾಕಾಲ. ಚಂದ್ರನ ಗುಂಡು ಅರ್ಧ ಬೆಳ್ಳಿ ಅರ್ಧ ಕಪ್ಪು, ಅದನ್ನು ನೋಡಿ ತಿಥಿಯನ್ನು ಅಂದಾಜು ಮಾಡಬಹುದು.

ಒಂದು ಸೂಕ್ಷ್ಮ. ಕೇಂದ್ರ ತಪ್ಪಿಸಿ ಕೂರಿಸಿದ ಇನ್ನೊಂದು ಬಳೆಯಲ್ಲಿ 12 ರಾಶಿಗಳಿವೆ, ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂದು ತೋರಿಸುತ್ತದೆ. ಅದು ಸಾಯನ ಲೆಕ್ಕ, ಅಂದರೆ ವಿಷುವದಿಂದ ಎಣಿಸುವುದು, ಮೇಷ ಶುರುವಾಗುವುದು ಮಾರ್ಚ್ 21ರ ಹೊತ್ತಿಗೆ. ನಮ್ಮದು ನಿರಯನ, ಅಂದರೆ ನಕ್ಷತ್ರಗಳನ್ನು ಆಧರಿಸಿದ್ದು, ಮೇಷ ಸಂಕ್ರಮಣ ಏಪ್ರಿಲ್ 14ರ ಸುಮಾರಿಗೆ. ಆದ್ದರಿಂದ ಮೇ 10ಕ್ಕೆ ಗಡಿಯಾರ ವೃಷಭ ತೋರಿಸುತ್ತದೆ, ಅಪ್ಪನವರ ಪಂಚಾಂಗ ಇನ್ನೂ ಮೇಷ ಎನ್ನುತ್ತದೆ. ಎರಡೂ ಸರಿ.

ಮ್ಯೂನಿಕ್ ಮಲ್ಲಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಿನ ಅದಲುಬದಲು ಮಾಡ್ದೆ. ಭಾನುವಾರ ಯಹೂದಿ ಕೇರಿಗೆ ಎಷ್ಟು ಹೊತ್ತು ಬೇಕು? ಟಿಕೆಟ್, ದುಡ್ಡು, ಊಟದ ವಿಷಯದಲ್ಲಿ ಏನಾದ್ರೂ ಎಚ್ಚರಿಕೆ?

ಕಲ್ಲುಹಾದಿ:

ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮತ್ತು ಹಳೇ ಸ್ಮಶಾನಕ್ಕೆ ಒಂದೂವರೆ ತಾಸು ಸಾಕು, 9ಕ್ಕೇ ಹೋಗಿ. ಪಿಂಕಾಸ್‌ನ ಗೋಡೆಗಳ ತುಂಬ ನಾಜಿಗಳು ಕೊಂದ ಸುಮಾರು 78 ಸಾವಿರ ಬೊಹೀಮಿಯಾ, ಮೊರಾವಿಯಾ ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಸ್ಮಶಾನದಲ್ಲಿ ಜಾಗ ಸಾಲದೆ ಮಣ್ಣು ತುಂಬಿ ಒಂದರ ಮೇಲೊಂದು ಪದರವಾಗಿ ಹೂಳಿದ್ದರಿಂದ ಕಲ್ಲುಗಳು ಹಾಗೆ ಒತ್ತೊತ್ತಾಗಿ ವಾಲಿ ನಿಂತಿವೆ. ಅಪ್ಪನವರು ತಲೆ ಮುಚ್ಚಿಕೊಳ್ಳಬೇಕು, ಬಾಗಿಲಲ್ಲೇ ಟೋಪಿ ಸಿಗುತ್ತೆ.

ಕಾಗದದ ಟಿಕೆಟ್ ಕೊಂಡರೆ ಸಾಲದು, ಮೊದಲ ಸಲ ಹತ್ತುವಾಗ ಹಳದಿ ಮಷಿನ್‌ನಲ್ಲಿ ಮುದ್ರೆ ಒತ್ತಿಸಬೇಕು. ಮೆಟ್ರೋದಲ್ಲಿ ತಡೆಗೇಟು ಇರಲ್ಲ, ಮಫ್ತಿಯಲ್ಲಿರುವ ಇನ್‌ಸ್ಪೆಕ್ಟರ್ ಹಿಡಿದರೆ ಮುದ್ರೆಯಿಲ್ಲದ ಟಿಕೆಟ್ಟೂ ಟಿಕೆಟ್ ಇಲ್ಲದ ಹಾಗೇ. ಟ್ರಾಮಿನೊಳಗೆ ಕಾರ್ಡ್ ತಾಗಿಸಿ ತಗೊಂಡದ್ದಕ್ಕೆ ಮುದ್ರೆ ಬೇಡ.

ದುಡ್ಡು ಕೊರುನಾ. ಎಟಿಎಂ ನಿಮ್ಮ ಕಾರ್ಡಿನ ಕರೆನ್ಸಿಗೆ ಬದಲಾಯಿಸಲಾ ಅಂತ ಕೇಳಿದರೆ ಬೇಡ ಅನ್ನಿ, ಕೊರುನಾದಲ್ಲೇ ತೆಗೆಯಿರಿ. ಬೀದಿಯಲ್ಲಿ ಬದಲಾಯಿಸಿಕೊಡುತ್ತೀನಿ ಅನ್ನುವವರು ಚಲಾವಣೆಯಲ್ಲಿಲ್ಲದ ಅಥವಾ ಬೇರೆ ದೇಶದ ನೋಟು ಕೊಡುತ್ತಾರೆ. ಅಂಗಡಿಯಲ್ಲಿ ಬದಲಾಯಿಸಿ ದರದಲ್ಲಿ ಮೋಸ ಅನ್ನಿಸಿದರೆ 3 ತಾಸಿನ ಒಳಗೆ ರದ್ದು ಮಾಡಿಸುವ ಹಕ್ಕು 2019ರ ಕಾನೂನಿನಲ್ಲಿದೆ, 1000 ಯೂರೋವರೆಗೆ. ರಸೀದಿ ಇಟ್ಟುಕೊಳ್ಳಿ.

ನಡಿಗೆಪ್ರಿಯ:

ಊಟಕ್ಕೆ: ಮೆನುವಿನಲ್ಲಿ ಸಸ್ಯಾಹಾರಿ ಅಂತ ಕಾಣೋ ಕರಿದ ಚೀಸ್, ಸ್ಮಜೆನೀ ಸೀರ್, ಅದರ ಹೊದಿಕೆಯಲ್ಲಿ ಮೊಟ್ಟೆ ಇರುತ್ತೆ. ಆಲೂಗಡ್ಡೆ ದೋಸೆ ಥರದ ಬ್ರಾಂಬೊರಾಕ್‌ನಲ್ಲೂ ಸಾಮಾನ್ಯವಾಗಿ ಇರುತ್ತೆ. ಸೂಪಿಗೆ ಮಾಂಸದ ರಸ ಹಾಕಿರಬಹುದು. "ಬೆಸ್ ಮಾಸಾ" ಅಂದ್ರೆ ಮಾಂಸ ಬೇಡ, "ಬೆಸ್ ವಯೆಟ್ಸ್" ಅಂದ್ರೆ ಮೊಟ್ಟೆ ಬೇಡ. ಎರಡನ್ನೂ ಫೋನ್‌ನಲ್ಲಿ ಬರೆದು ತೋರಿಸಿ. ನೀರು ಕೇಳುವಾಗ "ನೆಪೆರ್ಲಿವಾ" ಅನ್ನಿ, ಇಲ್ಲಾಂದ್ರೆ ಸೋಡಾ ಬರಬಹುದು. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬ್ಕೊಳ್ಳಿ.

ಮಳೆ ಬಂದ್ರೆ ಭಾನುವಾರ ಹಳೇ ಪುರಸಭೆ ಗೋಪುರ ಹತ್ತಿ, ಗಡಿಯಾರ ಇರೋದು ಅದರಲ್ಲೇ. ಅದಕ್ಕೆ ಲಿಫ್ಟ್ ಇದೆ, ಅಮ್ಮನೂ ಬರಬಹುದು.