ಸಹಾಯ ಬೇಕು: ಹಳೇ ಪವರ್ ಪ್ರೆಸ್‌ಗೆ ಗಾರ್ಡ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ನಮ್ಮ ಪ್ರೆಸ್‌ಗಳಲ್ಲಿ ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ತಗಡನ್ನು ಒತ್ತುವ ಭಾಗ, ಅಂದರೆ ರ‍್ಯಾಮ್ ಇಳಿಯಬೇಕು. ಮೊನ್ನೆ ನೈಟ್ ಶಿಫ್ಟ್‌ನಲ್ಲಿ ನೋಡಿದರೆ ಒಂದು ಬಟನ್ನನ್ನು ಕಪ್ಪು ಟೇಪ್ ಸುತ್ತಿ ಅದುಮಿಟ್ಟಿದ್ದರು. ಒಂದು ಕೈಯಲ್ಲಿ ಒತ್ತುವುದು, ಇನ್ನೊಂದು ಕೈಯಲ್ಲಿ ಪೀಸ್ ತೆಗೆಯುವುದು. ಎದೆ ಧಸಕ್ಕೆಂದಿತು. ಹುಡುಗರಿಗೆ ಸುಮ್ನೆ ಬೈದು ಪ್ರಯೋಜನ ಇಲ್ಲ, ಪೀಸ್ ಲೆಕ್ಕದ ಒತ್ತಡ ಜಾಸ್ತಿ ಇದೆ.

ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸಾಧನ) ಹಾಕೋಣ ಎಂದರೆ ಇವು ಪಿನ್ ಕ್ಲಚ್ ಪ್ರೆಸ್. ಒಮ್ಮೆ ಕ್ಲಚ್ ಹಿಡಿದರೆ ಸ್ಟ್ರೋಕ್ ಮುಗಿಯುವ ತನಕ ನಿಲ್ಲುವುದಿಲ್ಲ ಅಲ್ವಾ?

ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಕೆಲಸ ಮಾಡುವ ರಿಲೇ (ಕಂಟ್ರೋಲ್ ಸ್ವಿಚ್) ಹಾಕಿಸಿದವರು ಇದ್ದೀರಾ? ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಸುತ್ತ ಬೆರಳು ತೂರದ ಹಾಗೆ ಗಾರ್ಡ್ ಮಾಡಿಸಿದವರು ದಯವಿಟ್ಟು ಫೋಟೋ ಹಾಕಿ. ಖರ್ಚು ಎಷ್ಟಾಯಿತು ಅಂತಲೂ ತಿಳಿಸಿ, ಸೋಮವಾರ ಮಾಲೀಕರ ಮುಂದೆ ಇಡಬೇಕು.