ತಾಂಡಾಗಳಲ್ಲಿ ರಕ್ತಹೀನತೆ ಸಮೀಕ್ಷೆ: ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಮುಂಚೆ ಏನೇನು ಸಿದ್ಧವಿರಬೇಕು?

ಪ್ರಶ್ನೆ | ಬೋಧಕಿ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಫ್ಯಾಮಿಲಿ ಅಡಾಪ್ಷನ್ (ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ನೋಡಿಕೊಳ್ಳುವ) ಕಾರ್ಯಕ್ರಮದಲ್ಲಿ ನಮ್ಮ ಎಂಬಿಬಿಎಸ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಂಡೂರು ತಾಲ್ಲೂಕಿನ ಲಂಬಾಣಿ ತಾಂಡಾಗಳು ಮತ್ತು ವಾಲ್ಮೀಕಿ ನಾಯಕರ ಓಣಿಗಳನ್ನು ಹಂಚುತ್ತಿದ್ದೇವೆ. ಅದೇ ಮನೆಗಳಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳ ರಕ್ತದ ಹಿಮೋಗ್ಲೋಬಿನ್ ಮಟ್ಟ ನೋಡಿ ಪ್ರಬಂಧ ಬರೆಯಬೇಕೆಂದು ಒಬ್ಬ ಪಿಜಿ ವಿದ್ಯಾರ್ಥಿನಿ ಕೇಳುತ್ತಿದ್ದಾರೆ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಹೇಗೂ ತೆಗೆದುಕೊಳ್ಳುತ್ತೇವೆ. ಊರಿನಲ್ಲಿ ಯಾರನ್ನು, ಯಾವ ಕ್ರಮದಲ್ಲಿ ಕೇಳಬೇಕು? ಯಾವ ತಿಂಗಳು ಹೋದರೆ ಜನ ಸಿಗುತ್ತಾರೆ? ಎಷ್ಟು ಸ್ಯಾಂಪಲ್ ಬೇಕು? ಹುಡುಗರು ಸೂಜಿ ಚುಚ್ಚಿ ಬರುವುದಷ್ಟೇ ಆಗಬಾರದು, ಕಲಿಯಲೂ ಬೇಕು.

ಉತ್ತರ | ಮಸ್ಕಿ_ಕ್ಷೇತ್ರಕಾರ್ಯ

ಮೇಡಂ, ಮೊದಲು ತಿಂಗಳ ಮಾತು. ದೀಪಾವಳಿ ಮುಗಿದದ್ದೇ ತಾಂಡಾದ ಅರ್ಧ ಜನ ಕಬ್ಬು ಕಡಿಯಲಿಕ್ಕೆ, ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ, ಯುಗಾದಿ ಹೊತ್ತಿಗೆ ವಾಪಸ್. ಜನವರಿಯಲ್ಲಿ ಹೋದರೆ ಸಿಗುವವರು ಮುದುಕರು, ಬಾಣಂತಿಯರು, ಶಾಲೆ ಮಕ್ಕಳು. ಅಲ್ಲಿಂದ ಬರುವ ಶೇಕಡಾವಾರು ಇಡೀ ತಾಂಡಾದ್ದಲ್ಲ, ಹಿಂದೆ ಉಳಿದವರದ್ದು. ಜೂನ್‌ನಿಂದ ಅಕ್ಟೋಬರ್ ಒಳ್ಳೆಯದು. ಆದರೆ ಆಗಲೂ ಹೆಣ್ಣುಮಕ್ಕಳು ಬೆಳಿಗ್ಗೆ ಆರಕ್ಕೇ ಕೂಲಿಗೆ ಹೋಗಿರುತ್ತಾರೆ. ಕಾಲೇಜ್ ಬಸ್ಸು ಹತ್ತೂವರೆಗೆ ಬಂದು ಎರಡಕ್ಕೆ ಹೊರಟರೆ ಮನೆಗೆ ಬೀಗ ಕಾಣುತ್ತದೆ. ಸಂಜೆ ಆರರಿಂದ ಎಂಟರ ಹೊತ್ತು ಇಟ್ಟುಕೊಳ್ಳಿ. ಅಮಾಸಿ ದಿನ ಎತ್ತು ಹೂಡುವುದಿಲ್ಲ, ಜನ ಮನೆಯಲ್ಲಿರುತ್ತಾರೆ. ಆ ದಿನ ಮನೆಪಟ್ಟಿ ಮಾಡಿ, ಕೂತು ಮಾತಾಡಿ. ರಕ್ತ ಮಾತ್ರ ಅವತ್ತು ತೆಗೆಯಬೇಡಿ, ಊರ ತುಂಬ ಬೇರೆಯೇ ಸುದ್ದಿ ಹಬ್ಬುತ್ತದೆ.

ಇನ್ನು ಅನುಮತಿ. ಗ್ರಾಮ ಪಂಚಾಯಿತಿ ಮತ್ತು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿಗಳ ಪತ್ರ ಕೈಯಲ್ಲಿರಲಿ, ಅದಷ್ಟೇ ಸಾಲದು. ತಾಂಡಾದ ಹಿರಿಯರಾದ ನಾಯಕ, ಡಾವ, ಕಾರಭಾರಿ, ಈ ಮೂವರನ್ನು ಕೂಡಿಸಿ ಸೇವಾಲಾಲ್ ಗುಡಿಯ ಕಟ್ಟೆ ಮೇಲೆ ವಿಷಯ ಹೇಳಿ. ಗಂಡಸರ ಸಭೆಯಲ್ಲಿ 'ಆಯ್ತು' ಅಂದರೆ ಹೆಣ್ಣುಮಕ್ಕಳು ಒಪ್ಪಿದಂತಲ್ಲ, ಸ್ವಸಹಾಯ ಸಂಘದವರ ಜತೆ ಬೇರೆ ಸಭೆ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸಮುದಾಯದ ಒಪ್ಪಿಗೆ ವ್ಯಕ್ತಿಯ ಒಪ್ಪಿಗೆಯ ಬದಲಿಗೆ ಬರುವುದಿಲ್ಲ, ಅದರ ಜತೆಗೆ ಬರುತ್ತದೆ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಅಲ್ಲೇ ಇದ್ದಾರಲ್ಲ ಎಂದು ಆಶಾ ಕಾರ್ಯಕರ್ತೆಯಿಂದ ಸಾಕ್ಷಿ ಸಹಿ ಹಾಕಿಸುವುದು ತಪ್ಪು. ನಿಮ್ಮ ತಂಡದ ಜತೆ ಓಡಾಡುವವರು ಅವರೇ.

ಅಧ್ಯಯನದ ವಿವರಣೆಯನ್ನು ಗೋರ್ ಬೋಲಿಯಲ್ಲಿ (ಲಂಬಾಣಿ ಭಾಷೆ) ತಾಂಡಾದ ಹೆಣ್ಣುಮಗಳೊಬ್ಬಳ ದನಿಯಲ್ಲೇ ಮೂರು ನಿಮಿಷ ರೆಕಾರ್ಡ್ ಮಾಡಿ ಮೊಬೈಲಿನಲ್ಲಿ ಕೇಳಿಸಿ. ಇಲ್ಲದಿದ್ದರೆ ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಥರ ಹೇಳುತ್ತಾನೆ. 'ಬೇಡ ಅಂದರೂ ನಿಮ್ಮ ರೇಷನ್, ಪಿಂಚಣಿ, ದವಾಖಾನೆ ಯಾವುದೂ ನಿಲ್ಲುವುದಿಲ್ಲ' ಎಂಬ ಸಾಲು ಅದರಲ್ಲಿ ಇರಲೇಬೇಕು.

ಇನ್ನೊಂದು: ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡ. ಪಕ್ಕದ ತೆಲಂಗಾಣದಲ್ಲಿ ಲಂಬಾಣಿಗರೂ ಪಂಗಡ. ಎರಡೂ ಕಡೆಯ ಅಂಕಿ ಹೋಲಿಸುವಾಗ ಇಬ್ಬರನ್ನೂ 'ಬುಡಕಟ್ಟು' ಎಂಬ ಒಂದೇ ಕಾಲಂಗೆ ತುಂಬಬೇಡಿ.

ಉತ್ತರ | ಪ್ರಯೋಗಶಾಲೆ_ಕೊಪ್ಪಳ

ಸ್ಯಾಂಪಲ್ ಲೆಕ್ಕ: ಎನ್‌ಎಫ್‌ಎಚ್‌ಎಸ್-5ರಲ್ಲಿ (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಕರ್ನಾಟಕದ 15–49ರ ಮಹಿಳೆಯರ ರಕ್ತಹೀನತೆ ಶೇ 47.8. ಶೇ 50 ಎಂದೇ ಇಟ್ಟುಕೊಳ್ಳಿ. ಶೇ 7.5ರಷ್ಟು ಆಚೀಚೆ ಸಹಿಸಿದರೆ 171 ಮಂದಿ ಬೇಕು. ಒಂದೇ ತಾಂಡಾದವರು ಉಣ್ಣುವುದು, ದುಡಿಯುವುದು ಒಂದೇ ಥರವಾದ್ದರಿಂದ ಡಿಸೈನ್ ಎಫೆಕ್ಟ್ (ಹೀಗೆ ಒಂದೇ ಥರದವರು ಗುಂಪಾಗಿ ಸಿಗುವುದಕ್ಕೆ ಸ್ಯಾಂಪಲ್ ಹಿಗ್ಗಿಸುವ ಗುಣಕ) 2 ಹಿಡಿದು 342. ಶೇ 10 ಸಿಗದವರು ಎಂದರೆ 380. 30 ಕ್ಲಸ್ಟರ್ (ತಾಂಡಾ ಅಥವಾ ಓಣಿಯಂಥ ಗುಂಪು), ತಲಾ 13 ಮಂದಿ. ಡಿಸೈನ್ ಎಫೆಕ್ಟ್ ಬಿಟ್ಟು ಮೂರೇ ತಾಂಡಾದಲ್ಲಿ 171 ಮುಗಿಸುವ ಪ್ರಬಂಧಗಳಿಂದ ಏನೂ ಹೇಳಲು ಬರುವುದಿಲ್ಲ. ಹಾಗೇ, ದತ್ತು ಪಡೆದ ಮನೆಗಳೇ ಸ್ಯಾಂಪಲ್ ಆಗಕೂಡದು. ಮನೆಪಟ್ಟಿಯಿಂದ ಚೀಟಿ ಎತ್ತಿ.

ಅಳತೆಯಲ್ಲಿ ಎಡವುವ ಜಾಗ ಬೆರಳ ತುದಿ. ಭತ್ತ ನಾಟಿ, ಹತ್ತಿ ಬಿಡಿಸುವ ಕೈಗಳಿಗೆ ಚರ್ಮ ದಪ್ಪ, ಬಿರುಕಿನಲ್ಲಿ ಮಣ್ಣು. ಬೆಚ್ಚಗಿನ ನೀರು, ಸಾಬೂನಿನಿಂದ ತೊಳೆಸಿ, ಒರೆಸಿ, ಸ್ಪಿರಿಟ್ ಹಚ್ಚಿದ ಮೇಲೆ ಪೂರಾ ಆರಲು ಬಿಡಿ. ಹಸಿ ಇದ್ದರೆ ಸ್ಪಿರಿಟ್ ರಕ್ತಕ್ಕೆ ಬೆರೆತು ಅಳತೆ ಕಮ್ಮಿ ಬರುತ್ತದೆ. ಕಡಿಮೆ ಬಳಸುವ ಕೈಯ ನಡುಬೆರಳು ಅಥವಾ ಉಂಗುರ ಬೆರಳು, ತುದಿಯ ನಡುವಲ್ಲ, ಪಕ್ಕಕ್ಕೆ ಚುಚ್ಚಿ. ಮೊದಲ ಎರಡು ಹನಿ ಒರೆಸಿ, ಮೂರನೆಯದನ್ನು ಕ್ಯುವೆಟ್‌ಗೆ (ರಕ್ತದ ಹನಿ ಹಿಡಿದು ಯಂತ್ರಕ್ಕೆ ಹಾಕುವ ಪುಟ್ಟ ಪ್ಲಾಸ್ಟಿಕ್ ಪಟ್ಟಿ) ಒಂದೇ ಸಲಕ್ಕೆ ತುಂಬಿ. ರಕ್ತ ಬರಲಿಲ್ಲ ಎಂದು ಬೆರಳು ಹಿಂಡಿದರೆ ಊತಕದ ನೀರು ಸೇರಿ ಆರೋಗ್ಯವಂತೆಯೂ ರಕ್ತಹೀನಳಾಗಿ ಕಾಣುತ್ತಾಳೆ. ಗುಳ್ಳೆ ಕಂಡರೆ ಆ ಕ್ಯುವೆಟ್ ಬಿಸಾಕಿ, ಮತ್ತೆ ತುಂಬಬೇಡಿ.

ಹಿಮೋಗ್ಲೋಬಿನ್ ಅಳೆಯುವ ಹಿಮೋಕ್ಯೂ 201 ಯಂತ್ರದ ಕ್ಯುವೆಟ್‌ಗಳು 15ರಿಂದ 30 ಡಿಗ್ರಿಯಲ್ಲಿ ಇರಬೇಕು. ನಮ್ಮ ಬಿಸಿಲಲ್ಲಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮುಗಿಯಿತು. ಥರ್ಮೋಕೋಲ್ ಡಬ್ಬಿಯಲ್ಲಿ, ಐಸ್‌ಪ್ಯಾಕ್‌ಗೆ ತಾಗದಂತೆ ನಡುವೆ ಬಟ್ಟೆ ಇಟ್ಟು ಒಯ್ಯಿರಿ. ಡಬ್ಬಿ ಒಡೆದ ತಾರೀಖು ಬರೆಯಿರಿ, ಮೂರು ತಿಂಗಳ ಮೇಲೆ ಬೇಡ. ಲ್ಯಾನ್ಸೆಟ್‌ಗಳು (ಬೆರಳು ಚುಚ್ಚುವ ಸೂಜಿ) ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಎಲ್ಲವೂ ನಿಮ್ಮ ಜತೆ ವಾಪಸ್ ಬರಬೇಕು, ತಾಂಡಾದ ತಿಪ್ಪೆಯಲ್ಲಿ ಒಂದು ಸೂಜಿಯೂ ಉಳಿಯಬಾರದು.

ವಯಸ್ಸು ಗೊತ್ತಿಲ್ಲ ಎಂದರೆ ಅಂದಾಜು ಬರೆಯಬೇಡಿ, ಘಟನೆ ಹಿಡಿದು ಕೇಳಿ. 2009ರ ನೆರೆ ಬಂದಾಗ ಮದುವೆ ಆಗಿತ್ತಾ? ಮಗು ಹುಟ್ಟಿದ್ದು 2020ರ ಲಾಕ್‌ಡೌನ್‌ಗಿಂತ ಮುಂಚೆಯೋ, 2024ರಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ ಮೇಲೋ? ತಾಯಿ ಕಾರ್ಡ್ ಇದ್ದರೆ ಅದೇ ಮೊದಲು.

ಬೋಧಕಿ_ಬಳ್ಳಾರಿ

ಇಬ್ಬರಿಗೂ ಧನ್ಯವಾದ, ಹತ್ತಿ ಬಿಡಿಸುವ ಕೈಯ ವಿಚಾರ ನಮ್ಮ ತರಬೇತಿಯಲ್ಲಿ ಇರಲೇ ಇಲ್ಲ. ಇನ್ನೊಂದು ಕೇಳಬೇಕು. ಹತ್ತಿರದ ಹಾಸ್ಟೆಲ್‌ನಲ್ಲಿ 15ರಿಂದ 17ರ ಹುಡುಗಿಯರಿದ್ದಾರೆ. ವಾರ್ಡನ್ ಸಹಿ ಹಾಕಿಕೊಡುತ್ತೇನೆ ಎನ್ನುತ್ತಾರೆ. ಸಾಕೇ?

ಉತ್ತರ | ಸಿಂಧನೂರು_ನರ್ಸಿಂಗ್

ಸಾಲದು, ಖಂಡಿತ ಸಾಲದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯುವ) ಲಸಿಕೆ ಯೋಜನೆ ನಡೆದಾಗ ಖಮ್ಮಂನ ಎಷ್ಟೋ ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳೇ. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. 18 ತುಂಬದವರಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, 12 ದಾಟಿದ ಹುಡುಗಿಯ ಸ್ವಂತ ಸಮ್ಮತಿಯೂ ಬರಹದಲ್ಲಿ ಬೇಕು. ಅಪ್ಪ-ಅಮ್ಮ ಗುಳೆ ಹೋಗಿದ್ದರೆ ಹಬ್ಬಕ್ಕೆ ಬರುವವರೆಗೆ ಕಾಯಿರಿ, ಆಗದಿದ್ದರೆ ಆ ಹುಡುಗಿಯನ್ನು ಅಧ್ಯಯನಕ್ಕೆ ಸೇರಿಸಬೇಡಿ. ಚಿಕಿತ್ಸೆಗೆ ಮಾತ್ರ ಕಾಯಿಸಬೇಡಿ, ಶಾಲೆಯ ವಾರದ ಕಬ್ಬಿಣದ ಮಾತ್ರೆ ಹೇಗೂ ಅವಳ ಹಕ್ಕು.

ಉತ್ತರ | ಮಸ್ಕಿ_ಕ್ಷೇತ್ರಕಾರ್ಯ

ಸಿಂಧನೂರಿನವರ ಮಾತಿಗೆ ಸೇರಿಸುತ್ತೇನೆ. ಬೆರಳಿನ ಹನಿ ಬಿಟ್ಟು ಸಿರಿಂಜಿನ ರಕ್ತ ತೆಗೆಯುವುದಾದರೆ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಅಮೆರಿಕದ ಅರಿಝೋನಾದಲ್ಲಿ ಹವಸುಪಾಯ್ ಎಂಬ ಮೂಲನಿವಾಸಿ ಜನರಿಂದ 1990ರ ದಶಕದಲ್ಲಿ ಸಕ್ಕರೆ ಕಾಯಿಲೆಗೆಂದು ತೆಗೆದ ರಕ್ತವನ್ನು ಸ್ಕಿಜೋಫ್ರೇನಿಯ (ಒಂದು ಮಾನಸಿಕ ಕಾಯಿಲೆ) ಮತ್ತು ಅವರ ಪೂರ್ವಜರ ವಲಸೆಯ ಅಧ್ಯಯನಕ್ಕೆ ಬಳಸಿದರು. 2010ರಲ್ಲಿ ಅದನ್ನು ನಡೆಸಿದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಆ ಜನರಿಗೇ ಮರಳಿಸಬೇಕಾಯಿತು. ಒಂದು ಕೆಲಸಕ್ಕೆ ಕೇಳಿದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ವಿದ್ಯಾರ್ಥಿಗಳ ಕಲಿಕೆ ಬಗ್ಗೆ ಕೇಳಿದ್ದೀರಿ. ಮೊದಲ ಎರಡು ಭೇಟಿಗೆ ಸೂಜಿ, ಫಾರ್ಮು ಎರಡೂ ಬೇಡ. ಒಂದು ಮನೆಗೆ ಮೂವರಿಗಿಂತ ಹೆಚ್ಚು ಜನ ಹೋಗಬಾರದು. ಗರ್ಭಿಣಿ ತಾಂಡಾದಿಂದ ಪಿಎಚ್‌ಸಿಗೆ ಹೋಗುವ ದಾರಿಯಲ್ಲಿ ವಿದ್ಯಾರ್ಥಿಗಳೇ ಹೋಗಿ ಬರಲಿ: ಬಸ್ಸು ಎಷ್ಟು ಗಂಟೆಗೆ, ಚಾರ್ಜು ಎಷ್ಟು, ಎಷ್ಟು ಕೂಲಿ ಹೋಯಿತು, ಅಲ್ಲಿ ಮಾತ್ರೆ ದಾಸ್ತಾನು ಇತ್ತೇ. ಹೆಣ್ಣುಮಕ್ಕಳು ಕಬ್ಬಿಣದ ಮಾತ್ರೆ ಯಾಕೆ ನುಂಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧ ಅಡುಗೆ ಮನೆಯಲ್ಲಿ: ಊಟವಾದ ತಕ್ಷಣ ಚಹಾ, ಅದರ ಜತೆಗೇ ಮಾತ್ರೆ. ಚಹಾಕ್ಕೂ ಮಾತ್ರೆಗೂ ಕನಿಷ್ಠ ಒಂದು ತಾಸು ಅಂತರ ಬೇಕು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿ. ಹೇಳದಿದ್ದರೆ ಎರಡನೇ ದಿನಕ್ಕೇ ನಿಲ್ಲಿಸುತ್ತಾರೆ.

ಉತ್ತರ | ಪ್ರಯೋಗಶಾಲೆ_ಕೊಪ್ಪಳ

ಫಲಿತಾಂಶ ಅಲ್ಲೇ, ಅದೇ ನಿಮಿಷ, ಅವರ ಕೈಗೆ ಚೀಟಿ ಬರೆದು ಕೊಡಿ. ಪಕ್ಕದ ಮನೆಯವರ ಮುಂದೆ ಕೂಗಿ ಹೇಳಬೇಡಿ. ಹಿಮೋಗ್ಲೋಬಿನ್ (ಡೆಸಿಲೀಟರ್‌ಗೆ ಗ್ರಾಂ ಲೆಕ್ಕದಲ್ಲಿ) ಗರ್ಭಿಣಿಗೆ 7ಕ್ಕಿಂತ, ಉಳಿದ ಹೆಣ್ಣುಮಕ್ಕಳಿಗೆ 8ಕ್ಕಿಂತ ಕಡಿಮೆ ಬಂದರೆ ಅದೇ ದಿನ ವೈದ್ಯರಿಗೆ ಫೋನ್, ಗಾಡಿ. ಯಾವ ಆಸ್ಪತ್ರೆ, ಗಾಡಿ ಖರ್ಚು ಯಾರದ್ದು ಎಂಬುದು ಸಿನಾಪ್ಸಿಸ್‌ನಲ್ಲೇ (ಅಧ್ಯಯನಕ್ಕೆ ಮುಂಚೆ ಸಲ್ಲಿಸುವ ಯೋಜನಾ ಪತ್ರ) ಬರೆದಿರಬೇಕು. ಅದಿಲ್ಲದೆ ಒಂದು ಬೆರಳೂ ಚುಚ್ಚಬೇಡಿ.

ಸೌಮ್ಯ, ಮಧ್ಯಮ ರಕ್ತಹೀನತೆಗೆ ಪಿಎಚ್‌ಸಿ ವೈದ್ಯರು ಬರೆಯುವುದು ಸಾಮಾನ್ಯವಾಗಿ 60 ಮಿ.ಗ್ರಾಂ ಕಬ್ಬಿಣದ ಮಾತ್ರೆ ದಿನಕ್ಕೆ ಎರಡು, ಮೂರು ತಿಂಗಳು, ಅಂದರೆ 180 ಮಾತ್ರೆ. ಹಿಮೋಗ್ಲೋಬಿನ್ ತಿಂಗಳಿಗೆ 1 ಗ್ರಾಂ ಏರದಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸಬೇಕು. ಗುಳೆ ಹೊರಟವರಿಗೆ 180ನ್ನೂ ಒಮ್ಮೆಲೇ ಕೊಡುವಂತೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಜತೆ ಮುಂಚೆಯೇ ಮಾತಾಡಿಕೊಳ್ಳಿ, ಇಂಡೆಂಟ್ (ಮಾತ್ರೆಯ ಬೇಡಿಕೆ ಪಟ್ಟಿ) ಸೆಪ್ಟೆಂಬರ್‌ನಲ್ಲೇ ಹೋಗಬೇಕು. ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಇಡಲು ಹೇಳಿ. ಕಬ್ಬಿಣದ ಮಾತ್ರೆ ಪುಟ್ಟ ಮಗು ನುಂಗಿದರೆ ಜೀವಕ್ಕೇ ಅಪಾಯ, ಕಬ್ಬಿನ ಗದ್ದೆಯ ಗುಡಿಸಲಲ್ಲಿ ಕಪಾಟು ಇರುವುದಿಲ್ಲ.