ಕೆಲಸದ ಮಚ್ಚು ಪೊಲೀಸರು ಇಟ್ಟುಕೊಂಡಿದ್ದಾರೆ, ಅನುಭವ ಇರೋರು ಹೇಳಿ

ಕೇಳಿದವರು, ಗುಬ್ಬಿ ತಾಲ್ಲೂಕು:

ನಮ್ಮ ತಮ್ಮ ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಾನೆ. ಮೊನ್ನೆ ತುಮಕೂರಿನ ಹತ್ತಿರ ಒಂದು ತೋಟದ ಕೆಲಸ ಮುಗಿಸಿ ಬೈಕಲ್ಲಿ ಬರುವಾಗ ರಾತ್ರಿ ಹತ್ತು ದಾಟಿತ್ತು. ದಾರಿಯಲ್ಲಿ ಚೆಕಿಂಗ್. ಮಚ್ಚು ಸೀಟಿನ ಪಕ್ಕ ಸಿಕ್ಕಿಸಿದ್ದ. "ಲಾಂಗ್ ಇಟ್ಕೊಂಡು ಯಾರನ್ನ ಹೊಡೆಯೋಕೆ ಹೊರಟಿದ್ದೀಯ?" ಅಂತ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ಮಧ್ಯರಾತ್ರಿವರೆಗೆ ಕೂರಿಸಿದ್ದಾರೆ. ಮಚ್ಚು ಅವರ ಹತ್ತಿರವೇ ಇದೆ. ನಾಳೆ ಬಾ ಅಂದಿದ್ದಾರೆ. ರಸೀದಿ ಏನೂ ಕೊಟ್ಟಿಲ್ಲ. ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡರಂತೆ, ಅದರಲ್ಲಿ ಏನಿತ್ತು ಅಂತ ಅವನಿಗೆ ಗೊತ್ತಿಲ್ಲ. ಇದು ಕೇಸ್ ಆಗುತ್ತಾ? ಮಚ್ಚು ವಾಪಸ್ ಸಿಗುತ್ತಾ? ಇನ್ನು ಮುಂದೆ ಹೇಗೆ ತಗೊಂಡು ಹೋಗಬೇಕು?

ತಿಪಟೂರು, ತೋಟದವರು:

ಗಾಬರಿ ಆಗಬೇಡಿ. ನಮ್ಮ ಕಡೆ ಇದು ಆಗಾಗ ಆಗುತ್ತದೆ, ಬಹಳಷ್ಟು ಮಾತಲ್ಲೇ ಮುಗಿಯುತ್ತದೆ. ಹಳ್ಳಿ ಬೀಟ್‌ನವರಿಗೆ ಮರ ಹತ್ತೋರ ಮುಖ ಗೊತ್ತಿರುತ್ತದೆ. ತೊಂದರೆ ಬರುವುದು ಊರು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋದಾಗ.

ನಮ್ಮ ತೋಟಕ್ಕೆ ಬರುವ ಹುಡುಗನನ್ನೂ ಹೀಗೆ ಹಿಡಿದಿದ್ದರು. ಅವನು ಅಲ್ಲಿಂದಲೇ ನನಗೆ ಫೋನ್ ಮಾಡಿ ಸಾಹೇಬರ ಕೈಗೆ ಕೊಟ್ಟ. "ಸಾರ್, ಇವತ್ತು ನಮ್ಮ ತೋಟದಲ್ಲೇ ಇದ್ದ, ನಾಳೆನೂ ಬರಬೇಕು, ಸರ್ವೆ ನಂಬರ್ ಬೇಕಾದ್ರೆ ಹೇಳ್ತೀನಿ" ಅಂದೆ. ಮಚ್ಚು ಸಮೇತ ಬಿಟ್ಟು ಕಳಿಸಿದರು. ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ. ಆ ದಿನ ಕೆಲಸ ಮಾಡಿಸಿದ ತೋಟದ ಯಜಮಾನರು ಬಾಯಿ ಬಿಡಬೇಕು. ಕೂಲಿ ಕೊಟ್ಟ ಮೇಲೆ ನಮಗೇನು ಸಂಬಂಧ ಅನ್ನೋ ಯಜಮಾನರೂ ಇದ್ದಾರೆ, ಅಂಥವರ ತೋಟಕ್ಕೆ ಮತ್ತೆ ಹೋಗಬೇಡಿ ಅಂತ ತಮ್ಮನಿಗೆ ಹೇಳಿ.

ಇನ್ನೊಂದು. ತೆಂಗು ಅಭಿವೃದ್ಧಿ ಮಂಡಳಿಯವರು ಮರ ಹತ್ತುವ ತರಬೇತಿ ಕೊಡುತ್ತಾರೆ, 'ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ' ಅಂತ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸರ್ಟಿಫಿಕೇಟ್ ಇದ್ದರೆ ಜೇಬಲ್ಲಿರಲಿ. ಇಲ್ಲದಿದ್ದರೆ ಇ-ಶ್ರಮ್ ಕಾರ್ಡ್ ಆದರೂ ಮಾಡಿಸಿ, ಅದರಲ್ಲಿ ಮಾಡುವ ಕೆಲಸ ಏನು ಅಂತ ನಮೂದಾಗಿರುತ್ತದೆ.

ಚಿಂತಾಮಣಿ, ವಕೀಲರ ಆಫೀಸಲ್ಲಿ ಕೆಲಸ ಮಾಡುವವರು:

ಮೇಲಿನವರು ಹೇಳಿದ್ದು ಸರಿ, ಆದರೆ ಕಾಗದಕ್ಕೆ ಸಹಿ ಬಿದ್ದಿದೆ ಅಂದಿದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆಯುಧ ಕಾಯ್ದೆ 1959ರದ್ದು. ಅದರ 2ನೇ ಸೆಕ್ಷನ್ನಿನಲ್ಲೇ 'ಆಯುಧ' ಅಂದರೆ ಏನು ಅಂತ ಬರೆದಿದ್ದಾರೆ. ಬರೀ ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದ ವಸ್ತುಗಳನ್ನು ಅಲ್ಲೇ ಹೊರಗಿಟ್ಟಿದ್ದಾರೆ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವಂಥವು ಬರುತ್ತವೆ. ಅಲ್ಲೂ ಮನೆ, ಬೇಸಾಯ, ಕೈಗಾರಿಕೆಯ ಬಳಕೆಗೆ ಮಾಡಿದ್ದಕ್ಕೆ ವಿನಾಯಿತಿ ಇದೆ. ಜನ 9 ಇಂಚು ಅನ್ನೋದನ್ನ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, ಪೊಲೀಸರೂ ಅಷ್ಟೇ. ಸ್ಕೇಲ್ ಹಿಡಿದು ಅಳೆದು "ನೋಡು, ಜಾಸ್ತಿ ಇದೆ" ಅಂತಾರೆ. ಕಾಯಿ ಕೆಡವೋ ಮಚ್ಚು ಉದ್ದ ಇರದೆ ಇನ್ನೇನು? ಇನ್ನೊಂದು ವಿಷಯ, ಹರಿತದ ಆಯುಧಗಳಿಗೆ ಲೈಸೆನ್ಸ್ ಬೇಕಾಗುವುದು 4ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗದಲ್ಲಿ ಮಾತ್ರ. ಆಯುಧ ಕಾಯ್ದೆ ಹಾಕಿದ್ದರೆ ಆ ಅಧಿಸೂಚನೆ ಫೈಲಲ್ಲಿ ಇದೆಯಾ ಅಂತ ವಕೀಲರು ಮೊದಲು ನೋಡಬೇಕು.

ನಿಜ ಹೇಳಬೇಕೆಂದರೆ ಇಂಥ ಕಡೆ ಹೆಚ್ಚಾಗಿ ಬೀಳುವುದು ಬೇರೆ ಸೆಕ್ಷನ್ನುಗಳು. ಕರ್ನಾಟಕ ಪೊಲೀಸ್ ಕಾಯ್ದೆಯ 96 ಅಂತ ಒಂದಿದೆ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಅನುಮಾನ ಬರುವ ರೀತಿಯಲ್ಲಿ ಸಿಕ್ಕಿದವರಿಗೆ. ಅಪರಾಧ ಮಾಡುವ ಉದ್ದೇಶ ಇತ್ತು ಅನ್ನೋದು ಅದರ ಜೀವಾಳ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೆ, ಯಾರ ಕೆಲಸ ಅನ್ನೋದಕ್ಕೆ ಒಪ್ಪುವಂಥ ಉತ್ತರ ಇದ್ದರೆ ಅದು ನಿಲ್ಲುವುದು ಕಷ್ಟ. ಇಲ್ಲದಿದ್ದರೆ ಮುಚ್ಚಳಿಕೆ, ಅಂದರೆ ಮುಂದೆ ಸರಿಯಾಗಿ ಇರುತ್ತೇನೆ ಅನ್ನೋ ಪತ್ರ, ಬರೆಸಿಕೊಳ್ಳುತ್ತಾರೆ. ಅದಕ್ಕೆ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 107, 109 ಅಂತಿದ್ದದ್ದು 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 126, 128 ಆಗಿದೆ. ಸ್ಟೇಷನ್ನಿನಲ್ಲಿ ಇನ್ನೂ "ನಿನ್ ಮೇಲೆ ಒನ್ ನಾಟ್ ಸೆವೆನ್ ಹಾಕ್ತೀನಿ" ಅಂತಲೇ ಹೆದರಿಸುತ್ತಾರೆ, ಅದು ಬೇರೆ ಮಾತು.

ಈಗ ಆ ಸಹಿ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಮಾಡಿಸುವ ಹಾಗಿಲ್ಲ ಅಂತ ಬಿಎನ್‌ಎಸ್‌ಎಸ್ 181 ಹೇಳುತ್ತದೆ. ಹಾಗಾಗಿ ತಮ್ಮ ಸಹಿ ಹಾಕಿದ ಕಾಗದ ಮಹಜರೂ (ವಸ್ತು ವಶಕ್ಕೆ ತಗೊಂಡಾಗ ಸಾಕ್ಷಿಗಳ ಎದುರು ಬರೆಯೋದು) ಆಗಿರಬಹುದು, ಮುಚ್ಚಳಿಕೆಯೂ ಆಗಿರಬಹುದು. ನಾಳೆ ಹೋದಾಗ ಇದನ್ನೇ ಮೊದಲು ಕೇಳಿ. ವಸ್ತು ವಶಕ್ಕೆ ತಗೊಂಡರೆ ಅದನ್ನು ಮೊಬೈಲಲ್ಲಾದರೂ ವಿಡಿಯೋ ಮಾಡಬೇಕು ಅಂತ 105ನೇ ಸೆಕ್ಷನ್ ಇದೆ. ವಶಕ್ಕೆ ತಗೊಂಡಿದ್ದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಅದು 106. ಸ್ಟೇಷನ್ ರೈಟರ್ (ಅಲ್ಲಿ ದಾಖಲೆ ಬರೆಯುವ ಪೊಲೀಸ್) ಹತ್ತಿರ ಪಿಎಫ್ ನಂಬರ್ ಕೇಳಿ, ಪಿಎಫ್ ಅಂದರೆ ಪ್ರಾಪರ್ಟಿ ಫಾರ್ಮ್, ವಶಕ್ಕೆ ತಗೊಂಡ ವಸ್ತು ಬರೆಯುವ ನಮೂನೆ. ನಂಬರ್ ಇದ್ದರೆ ಮಚ್ಚು ದಾಖಲೆಯಲ್ಲಿದೆ. ನಂಬರ್ ಇಲ್ಲ ಅಂದರೆ ಕೇಸೂ ಇಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು, ಆಗ ಮಚ್ಚನ್ನು ಅಲ್ಲೇ ಕೇಳಿ ತಗೊಳ್ಳಿ. ಎಫ್‌ಐಆರ್ ಆಗಿದೆಯಾ ಅಂತ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲೂ ಹುಡುಕಿ.

ಮಹಜರಿನಲ್ಲಿ ಬರೀ ಮಚ್ಚು ಬರೆದು ಜೊತೆಗಿದ್ದ ಹಗ್ಗ, ಗೋಣಿಚೀಲ ಬಿಟ್ಟಿದ್ದರೆ ಅದೇ ಮುಂದೆ ತಲೆನೋವು. ಹಗ್ಗದ ಜೊತೆ ನೋಡಿದರೆ ಅವನು ಮರ ಹತ್ತೋನು. ಮಚ್ಚು ಒಂದೇ ಇದ್ದರೆ ಯಾರು ಬೇಕಾದರೂ ಆಗಬಹುದು.

ಕೊನೆಗೆ, ಕೋರ್ಟಿಗೆ ಹೋಗಿ "ತಪ್ಪಾಯ್ತು" ಅಂದು ದಂಡ ಕಟ್ಟಿ ಬಂದುಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಒಂದು ದಿನದ ಕೂಲಿ ಉಳಿಯುತ್ತದೆ ನಿಜ. ಆದರೆ ಅದು ಶಿಕ್ಷೆ ಅಂತಲೇ ದಾಖಲಾಗುತ್ತದೆ. ನಾಳೆ ಪಾಸ್‌ಪೋರ್ಟ್‌ಗೋ ಕೆಲಸಕ್ಕೋ ಪೊಲೀಸ್ ವೆರಿಫಿಕೇಷನ್ ಬಂದಾಗ ಎದುರಿಗೆ ಬರುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನದು ಅದು.

ಶಿರಾ ಕಡೆ, ಕುಲುಮೆಯವರು:

ಮಚ್ಚು ಮಾಡೋನು ನಾನೇ, ಅದಕ್ಕೆ ಹೇಳುತ್ತೇನೆ. ಕೆಲಸದ ಮಚ್ಚು ನೋಡಿದರೆ ಗೊತ್ತಾಗುತ್ತದೆ. ತುದಿ ಮುಂದಕ್ಕೆ ಬಾಗಿ ಭಾರ ಇರುತ್ತದೆ, ಚುಚ್ಚೋಕೆ ಬರಲ್ಲ. ಹಿಡಿಯ ಮರ ಬೆವರಿಗೆ ನುಣ್ಣಗೆ ಆಗಿರುತ್ತದೆ. ಎಳನೀರು, ಹೊಂಬಾಳೆಯ ಒಗರು ತಾಗಿ ತಾಗಿ ಅಲಗು ಕಪ್ಪಗೆ ಕಲೆ ಹಿಡಿದಿರುತ್ತದೆ, ಎಷ್ಟು ಮಸೆದರೂ ಬಾಯಿಯಷ್ಟೇ ಬೆಳ್ಳಗೆ. ಇದನ್ನು ಸಾಹೇಬರಿಗೆ ತೋರಿಸಿ ಹೇಳಿದರೆ ವಯಸ್ಸಾದವರು ಒಪ್ಪುತ್ತಾರೆ. ಹೊಸದಾಗಿ ಬಂದ ಹುಡುಗರಿಗೆ ಎಲ್ಲಾ ಒಂದೇ.

ಈಗೀಗ ನನ್ನ ಹತ್ತಿರ ಬಂದು "ನೆಟ್ಟಗೆ ಉದ್ದ ಮಾಡಿಕೊಡಣ್ಣ, ಫೋಟೋಗೆ" ಅಂತ ಕೇಳೋರು ಇದ್ದಾರೆ. ನಾನು ಮಾಡಿಕೊಡಲ್ಲ. 2025ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ರೀಲ್ಸ್‌ಗೆ ಮಚ್ಚು ಹಿಡಿದ ಇಬ್ಬರು ಟಿವಿ ಶೋನವರನ್ನೇ ಅರೆಸ್ಟ್ ಮಾಡಿದರು, ನೋಡಿರುತ್ತೀರಿ. ಅಂಥವರ ಶೋಕಿಯಿಂದ ಬಡವರ ಮಚ್ಚಿಗೂ ಕಣ್ಣು ಬಿತ್ತು. ತಮ್ಮನ ಮೊಬೈಲಲ್ಲಿ ಮಚ್ಚು ಎತ್ತಿ ಹಿಡಿದ ಸ್ಟೇಟಸ್ ಗಿಸ್ಟೇಟಸ್ ಇದೆಯಾ ಅಂತ ಒಂದ್ಸಲ ಕೇಳಿ.

ಮುಳಬಾಗಿಲು, ಪಿಕಪ್ ಓಡಿಸುವವರು:

ನನ್ನದು ಎಲೆಕ್ಷನ್ ಟೈಮಿನ ಕಥೆ. 2024ರ ಲೋಕಸಭೆ ಚುನಾವಣೆಗೆ ನಮ್ಮ ಕಡೆ ಏಪ್ರಿಲ್ 26ಕ್ಕೆ ಓಟು. ಅದಕ್ಕೆ ಮುಂಚೆ ನೀಲಗಿರಿ ಕಡಿಯೋರನ್ನ ಹತ್ತಿಸಿಕೊಂಡು ಹೋಗುತ್ತಿದ್ದೆ. ಚೆಕ್‌ಪೋಸ್ಟಲ್ಲಿ ಇಳಿಸಿ ಎಲ್ಲಾ ಜಾಲಾಡಿದರು. ಒಂದು ಮಚ್ಚು, ಎರಡು ಕೊಡಲಿ. ದೊಡ್ಡ ರಾದ್ಧಾಂತ. ಪಕ್ಕದಲ್ಲೇ ಮರ ಕುಯ್ಯೋ ಮಿಷನ್ ಇತ್ತು, ಪೆಟ್ರೋಲಿಂದ ಓಡೋದು. ಅದನ್ನ ಯಾರೂ ಮುಟ್ಟಿ ಕೂಡ ನೋಡಲಿಲ್ಲ!

ಆವತ್ತು ಉಳಿಸಿದ್ದು ಮರ ಕೊಂಡವರು ಬರೆದುಕೊಟ್ಟ ಚೀಟಿ. ಯಾರ ಜಮೀನು, ಎಷ್ಟು ಆಳು, ಯಾವ ಸಾಮಾನು ಅಂತ ಅದರಲ್ಲಿತ್ತು. ಆಮೇಲಿಂದ ನನ್ನ ಗಾಡಿಯಲ್ಲಿ ಒಂದು ನಿಯಮ. ಸಾಮಾನೆಲ್ಲ ಗೋಣಿಯಲ್ಲಿ ಸುತ್ತಿ, ಹುರಿಯಿಂದ ಕಟ್ಟಿ, ಹಿಂದುಗಡೆ ಟ್ರಂಕ್‌ನಲ್ಲಿ. ಸೀಟಿನ ಕೆಳಗೆ, ಸೊಂಟದಲ್ಲಿ, ಕೈಗೆ ಸಿಗೋ ಕಡೆ ಬೇಡವೇ ಬೇಡ. ಬೈಕಾದರೂ ಹಿಂದೆ ಕ್ಯಾರಿಯರ್‌ಗೆ ಕಟ್ಟಬಹುದು. ಎಲೆಕ್ಷನ್, ಗಣೇಶನ ಮೆರವಣಿಗೆ, ಎಲ್ಲಾದರೂ ಗಲಾಟೆ ಆಗಿ ನಿಷೇಧಾಜ್ಞೆ ಹಾಕಿದಾಗ ಸಾಮಾನು ತೋಟದ ಮನೆಯಲ್ಲೇ ಬಿಟ್ಟು ಬರೋದು ವಾಸಿ. ಆಗ ಕೋಲು ಹಿಡಿದರೂ ಕೇಳುತ್ತಾರೆ.

ಶಿಡ್ಲಘಟ್ಟ, ಬಡಗಿ:

ನಮಗೆ ಮಚ್ಚಲ್ಲ, ಉಳಿ ಮತ್ತು ಮೊಳೆ ಕೀಳೋ ರಾಡಿನ ಕಾಟ. ರಾತ್ರಿ ಕಂಡರೆ ಬೀಗ ಒಡೆಯೋಕೆ ಅಂತಾರೆ. ಪಿಎಂ ವಿಶ್ವಕರ್ಮ ಕಾರ್ಡ್ ಮಾಡಿಸಿದ ಮೇಲೆ ಸ್ವಲ್ಪ ಸಲೀಸಾಗಿದೆ. ಬಡಗಿ, ಕಮ್ಮಾರ, ಕಲ್ಲು ಕುಟಿಗ, ಕ್ಷೌರಿಕ ಹೀಗೆ 18 ಕಸುಬಿಗೆ ಕೊಡುತ್ತಾರೆ. ಮರ ಹತ್ತೋರು ಆ ಪಟ್ಟಿಯಲ್ಲಿಲ್ಲ, ಯಾಕೋ.

ಚಿಕ್ಕಬಳ್ಳಾಪುರ, ಬಂಡೆ ಕೆಲಸದವರು:

ಕಲ್ಲು ಕೆಲಸದವರು ಓದುತ್ತಿದ್ದರೆ ಒಂದು ಮಾತು. ಸುತ್ತಿಗೆ, ಹಾರೆಗೆ ಮೇಲಿನ ಸಲಹೆ ನಡೆಯುತ್ತದೆ. ಜಿಲೆಟಿನ್ ಕಡ್ಡಿಗೆ ಖಂಡಿತ ನಡೆಯಲ್ಲ. ಅದು ಸ್ಫೋಟಕ ಕಾಯ್ದೆ, ಲೈಸೆನ್ಸ್ ಇಲ್ಲದೆ ಒಂದು ಕಡ್ಡಿ ಇಟ್ಟುಕೊಂಡರೂ ಜೈಲೇ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಆರು ಜನ ಸತ್ತಿದ್ದು ನಮ್ಮ ಪಕ್ಕದಲ್ಲೇ. ಅದನ್ನು 'ಕೆಲಸದ ಸಾಮಾನು' ಅಂತ ವಾದ ಮಾಡೋಕೆ ಹೋಗಬೇಡಿ.

ಕೇಳಿದವರು, ಗುಬ್ಬಿ:

ಎಲ್ಲರಿಗೂ ನಮಸ್ಕಾರ. ತೋಟದ ಯಜಮಾನರು ಬರ್ತೀನಿ ಅಂದಿದ್ದಾರೆ. ಒಂದು ಅನುಮಾನ. ನಾಳೆ ತಮ್ಮ ಒಬ್ಬನೇ ಒಳಗೆ ಹೋಗಬೇಕು ಅಂದರೆ?

ಚಿಂತಾಮಣಿ, ವಕೀಲರ ಆಫೀಸಲ್ಲಿ ಕೆಲಸ ಮಾಡುವವರು:

ಕೇಸ್ ಇದ್ದು ಕರೆಸುತ್ತಿದ್ದರೆ ಬಿಎನ್‌ಎಸ್‌ಎಸ್ 35(3)ರ ನೋಟಿಸ್, ಅಂದರೆ ಬಂಧಿಸದೆ ಹಾಜರಾಗಲು ಕರೆಯೋದು, ಬರಹದಲ್ಲಿ ಕೊಡಿ ಅಂತ ವಿನಯವಾಗಿ ಕೇಳಲಿ. ಬಂಧಿಸಿ ವಿಚಾರಣೆ ಮಾಡಿದರೆ ನಡುವೆ ವಕೀಲರನ್ನು ಭೇಟಿ ಮಾಡುವ ಹಕ್ಕಿದೆ, 38ನೇ ಸೆಕ್ಷನ್. ನೀವು ಮತ್ತು ಯಜಮಾನರು ಹೊರಗಿನ ಬೆಂಚಲ್ಲೇ ಕೂತಿರಿ, ಟೀ ಕುಡಿಯೋಕೂ ಎದ್ದು ಹೋಗಬೇಡಿ. ಯಜಮಾನರ ಕೈಯಲ್ಲಿ ತೋಟದ ಪಹಣಿ ಮತ್ತು ಆವತ್ತು ಇವನು ಕೆಲಸ ಮಾಡಿದ ಅಂತ ಒಂದು ಪತ್ರ, ಎರಡು ಪ್ರತಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ಟೇಷನ್ ಸೀಲ್ ಹಾಕಿಸಿಕೊಳ್ಳಿ. ಹಗ್ಗಾನೂ ತಗೊಂಡು ಹೋಗಿ. ಪಿಎಫ್ ಆಗಿದ್ದರೆ ವಾಪಸ್ ಕೊಡುವ ಅಧಿಕಾರ ಸ್ಟೇಷನ್‌ಗೆ ಇಲ್ಲ, ಕೋರ್ಟಿಗೆ ಬಿಎನ್‌ಎಸ್‌ಎಸ್ 503ರಲ್ಲಿ ಅರ್ಜಿ ಹಾಕಬೇಕು. ಹಿಡಿದ ವಸ್ತುಗಳನ್ನು ಸ್ಟೇಷನ್‌ಗಳಲ್ಲಿ ಸುಮ್ನೆ ಕೊಳೆಯೋಕೆ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಲ್ಲಿ ಹೇಳಿದೆ. ಆದರೂ ತಡ ಆಗುತ್ತದೆ. ಅಲ್ಲಿವರೆಗೆ ಶಿರಾದ ಅಣ್ಣನ ಹತ್ತಿರ ಇನ್ನೊಂದು ಮಚ್ಚು ಮಾಡಿಸಿ, ಬಿಲ್ ಬರೆಸಿಕೊಳ್ಳಿ.